ಪೂಜೆಗೆ ಇಟ್ಟ ಸ್ಪಾನರ್

ಚಪಾತಿ ಹಿಟ್ಟು ಕಂಡರೆ ಹೆದರುವ ಗಂಡಸನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ಬನಶಂಕರಿ ಸೆಕೆಂಡ್ ಸ್ಟೇಜಿಗೆ ಬನ್ನಿ. ನಾನಿದ್ದೇನೆ.

ಹೋದ ಭಾನುವಾರ ಜೆ.ಪಿ. ನಗರದಿಂದ ಒಬ್ಬ ಓದುಗ ಮನೆಗೆ ಬಂದಿದ್ದ. ಬ್ಯಾಂಕ್ ಕೆಲಸ, ಹೊಸದಾಗಿ ಮದುವೆ, ಮಾವ ಕೊಟ್ಟ ಹಳೆಯ ಅಂಬಾಸಿಡರ್ ಕಾರು. ಪೆಟ್ರೋಲ್ ಹಾಕಿಸಿ ಹಾಕಿಸಿ ಸಾಕಾಗಿ, ಡೀಸೆಲ್ ಎಂಜಿನ್ ಕೂರಿಸಲು ಗ್ಯಾರೇಜಿಗೆ ಬಿಟ್ಟಿದ್ದಾನಂತೆ. ಈ ಅಂಕಣ ಬಿಡದೆ ಓದುತ್ತಾನೆ. ಕಾರ್ಬುರೇಟರ್ ಬಗ್ಗೆ ನಾನು ಬರೆದದ್ದು ಅವನಿಗೆ ಬಾಯಿಪಾಠ. (ಹೊಗಳಿದವರಿಗೆ ನಮ್ಮ ಮನೆಯಲ್ಲಿ ಎರಡನೇ ಲೋಟ ಕಾಫಿ ಸಿಗುತ್ತದೆ ಎನ್ನುವುದು ಬೀದಿಗೆಲ್ಲ ಗೊತ್ತಿರುವ ಗುಟ್ಟು.)

ನನ್ನ ಹೆಂಡತಿ ಕಮಲ ಒಳಗೆ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಹುಡುಗ ಕಾಫಿ ಹೀರುತ್ತಾ ಕೇಳಿದ: "ಎಂಜಿನ್ ಕೂತಿದೆ ಸಾರ್. ಸ್ಟೇರಿಂಗ್ ರಾಡ್ ಹತ್ರ ಮಾತ್ರ ಸ್ವಲ್ಪ ಟೈಟು. ಒಂದು ಬೆರಳು ಸಂದಿ ಇದೆ, ಏನೂ ಆಗಲ್ಲ ಅಂತಾನೆ ಮೆಕ್ಯಾನಿಕ್ಕು. ಸಾಕಲ್ವಾ ಸಾರ್?"

ನನ್ನ ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ತುಂಬ ಬಿಸಿ ಎಂದು ಸುಳ್ಳು ಹೇಳಿದೆ. ಒಳಗೆ ಹಿಟ್ಟು ನಾದುವ ಸದ್ದು ನಿಂತುಹೋಗಿತ್ತು.

ಒಂದು ಬೆರಳು ಸಂದಿ. ಆ ಮಾತನ್ನು ನಾನೂ ಒಬ್ಬನಿಗೆ ಹೇಳಿದ್ದೆ.

ನನ್ನ ಕಾರು ರಿಪೇರಿ ಶೆಡ್ಡನ್ನು ಮಂಡಿ ನೋವಿಗೆ ಮುಚ್ಚಿದೆ ಎಂದು ಈ ಅಂಕಣದಲ್ಲಿ ಒಂದೆರಡು ಸಲ ಬರೆದಿದ್ದೇನೆ. ನೀವು ಪಾಪ, ಎಣ್ಣೆ, ಲೇಪ, ಬಳ್ಳಾರಿ ಕಡೆಯ ನಾಟಿ ವೈದ್ಯರು ಎಲ್ಲವನ್ನೂ ಸೂಚಿಸಿದಿರಿ. ಕ್ಷಮಿಸಿ. ನನ್ನ ಮಂಡಿ ಚೆನ್ನಾಗಿದೆ. ಈಗಲೂ ಕುಕ್ಕರುಗಾಲಲ್ಲಿ ಕೂತು ಯಾರ ಕೈಯೂ ಹಿಡಿಯದೆ ಏಳುತ್ತೇನೆ. ಶೆಡ್ ಮುಚ್ಚಿದ್ದಕ್ಕೆ ಕಾರಣ ಬೇರೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕಲಾಸಿಪಾಳ್ಯದ ಒಂದು ಗ್ಯಾರೇಜಿಗೆ ಸೇರಿದವನು. ಆಮೇಲೆ ಬನಶಂಕರಿಯಲ್ಲಿ ಸ್ವಂತ ಶೆಡ್ ಹಾಕಿದೆ. ಆಗ ಇಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎಪ್ಪತ್ತರ ದಶಕದ ಕೊನೆಗೆ ಪೆಟ್ರೋಲ್ ರೇಟು ಏರಿತು ನೋಡಿ, ಟ್ಯಾಕ್ಸಿಯವರೆಲ್ಲ ಸಾಲಾಗಿ ಬರತೊಡಗಿದರು. ಪೆಟ್ರೋಲ್ ಎಂಜಿನ್ ಇಳಿಸಿ, ಹಳೆಯ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿ ಕೊಡಿ ಅಂತ.

ಇದು ಸಣ್ಣಗಿರುವ ಅಳಿಯನಿಗೆ ಹೊಲಿಸಿದ ಕೋಟನ್ನು ಹೊಟ್ಟೆ ಬಂದ ಮಾವನಿಗೆ ತೊಡಿಸುವ ಕೆಲಸ. ಡೀಸೆಲ್ ಎಂಜಿನ್ ಭಾರ, ಉದ್ದ, ಎತ್ತರ. ಎಂಜಿನ್ನನ್ನು ಎರಡೂ ಪಕ್ಕ ಹೊತ್ತು ನಿಲ್ಲುವ ಕಬ್ಬಿಣದ ಬ್ರಾಕೆಟ್ಟುಗಳು ಹೊಂದುವುದಿಲ್ಲ. ಅವನ್ನು ಕೊಯ್ದು, ಪ್ಲೇಟು ಸೇರಿಸಿ ವೆಲ್ಡ್ ಮಾಡಬೇಕು. ನಡುವೆ ದಪ್ಪ ರಬ್ಬರ್ ಇಡಬೇಕು, ಇಲ್ಲದಿದ್ದರೆ ಕೂತವರ ಹಲ್ಲು ಕಟಕಟ ಅನ್ನುತ್ತದೆ. ಮುಂದೆ ಫ್ಯಾನು ರೇಡಿಯೇಟರಿಗೆ ತಾಗುತ್ತದೆ, ರೇಡಿಯೇಟರ್ ಸರಿಸಬೇಕು. ಎಲ್ಲ ಮುಗಿಯಿತು ಅನ್ನುವಾಗ ಡ್ರೈವರ್ ಕಡೆಯ ಬ್ರಾಕೆಟ್ಟಿನ ಬೋಲ್ಟು, ಸ್ಟೇರಿಂಗ್ ಚಕ್ರದಿಂದ ಕೆಳಗಿಳಿಯುವ ರಾಡಿನ ಪಕ್ಕಕ್ಕೇ ಬಂದು ನಿಂತಿರುತ್ತದೆ.

ಬೆರಳು ಹಾಕಿ ನೋಡುತ್ತೇವೆ. ಹೋಗುತ್ತದೆ. ಸಾಕು ಅನ್ನುತ್ತೇವೆ.

ಸಾಕೇ? ನಿಂತ ಎಂಜಿನ್ ಸಾಧು ಪ್ರಾಣಿ. ಮೊದಲನೇ ಗೇರಿನಲ್ಲಿ ಏರು ಹತ್ತಿಸುತ್ತಾ ಆಕ್ಸಿಲರೇಟರ್ ತುಳಿಯಿರಿ. ರಬ್ಬರಿನ ಮೇಲೆ ಕೂತ ಎಂಜಿನ್ ಮೈ ತಿರುವಿ ಡ್ರೈವರ್ ಕಡೆಗೆ ಬಗ್ಗುತ್ತದೆ. ಕಾಲು ತೆಗೆದರೆ ಮತ್ತೆ ನೆಟ್ಟಗೆ ಕೂರುತ್ತದೆ. ಬಗ್ಗಿದಾಗ ಆ ಬೆರಳು ಸಂದಿ ಎಷ್ಟು ಉಳಿಯಿತು? ಬಾನೆಟ್ ಮುಚ್ಚಿದೆ, ಗಾಡಿ ಓಡುತ್ತಿದೆ. ನೋಡುವವರು ಯಾರು?

ಹಿಟ್ಟು ನೋಡುತ್ತದೆ. ಕಲಾಸಿಪಾಳ್ಯದ ನನ್ನ ಯಜಮಾನರು ಕಲಿಸಿದ ಉಪಾಯ ಅದು. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನ ಉಂಡೆಯನ್ನು ಸಂದಿಯಲ್ಲಿ ಅಂಟಿಸು, ಏರು ಹತ್ತಿಸಿಕೊಂಡು ಬಾ, ಬಾನೆಟ್ ತೆಗೆದು ನೋಡು. ಉಂಡೆ ದಪ್ಪಗೆ ಉಳಿದಿದ್ದರೆ ಗಾಡಿ ಕೊಡು. ಹಪ್ಪಳವಾಗಿದ್ದರೆ ಎಂಜಿನ್ ಇಳಿಸು, ಬ್ರಾಕೆಟ್ ಕೊಯ್ದು ಮತ್ತೆ ಮಾಡು.

ಕಮಲ ಹಿಟ್ಟು ಕೊಡುತ್ತಿದ್ದಳು. ನಾನು ಮನೆಗೆ ಬಂದಾಗ "ಹಿಟ್ಟು ಏನಂತು?" ಅಂತ ಕೇಳುತ್ತಿದ್ದಳು. ಸರಿ ಅಂತು, ಅಥವಾ ಬೇಡ ಅಂತು. ಅಷ್ಟೇ ನಮ್ಮ ಮನೆಯ ಇಂಜಿನಿಯರಿಂಗು.

ಇನ್ನು ಪುಟ್ಟಸ್ವಾಮಿಯ ವಿಷಯಕ್ಕೆ ಬರಬೇಕು. (ಬರಲು ಮನಸ್ಸಿಲ್ಲದೆ ಇಷ್ಟು ಸುತ್ತಿದೆ ಎಂದು ನಿಮಗೆ ಗೊತ್ತಾಗಿರಬೇಕು.)

ಪುಟ್ಟಸ್ವಾಮಿ ಹನುಮಂತನಗರದವನು. ಸ್ವಂತ ಟೂರಿಸ್ಟ್ ಕಾರು ಇಟ್ಟಿದ್ದ. ಬಾಯಿ ತುಂಬ ಮಾತು. ಗಾಡಿ ಓಡಿಸುವಾಗ ಮಾತ್ರ ಮೌನ. ಅವನ ಪಕ್ಕ ಕೂತವರು ಸೀಟು ಹಿಡಿದುಕೊಳ್ಳುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದರು. ಅವನ ಕಾರಿಗೆ ಎಂಜಿನ್ ಬದಲಿಸುವ ಕೆಲಸ ನನ್ನ ಶೆಡ್ಡಿಗೆ ಬಂತು. ಆಯುಧಪೂಜೆಗೆ ಗಾಡಿ ಬೇಕು, ಮಾರನೇ ದಿನ ವಿಜಯದಶಮಿಗೆ ತಾಯಿ, ಹೆಂಡತಿ, ಎಳೆ ಮಗಳನ್ನು ಕರೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಕು, ಮಗಳ ಮುಡಿ ಕೊಡುವ ಹರಕೆ ಇದೆ ಎಂದಿದ್ದ. ನಾನು ಹ್ಞೂಂ ಅಂದಿದ್ದೆ. ನಾನು ಹ್ಞೂಂ ಅಂದರೆ ಅಂದ ಹಾಗೆ ಎಂದು ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಆಸೆಯಿತ್ತು.

ಕೆಲಸ ಎಳೆಯಿತು. ಆಯುಧಪೂಜೆಯ ಬೆಳಿಗ್ಗೆ ಕೊನೆಯ ನಟ್ಟು ಬಿಗಿಯುವ ಹೊತ್ತಿಗೆ ಪುಟ್ಟಸ್ವಾಮಿ ಬೂದುಗುಂಬಳಕಾಯಿ ಹಿಡಿದು ಬಂದು ನಿಂತಿದ್ದ. ಬೆರಳು ಹಾಕಿದೆ. ಹೋಯಿತು. "ಒಂದು ಬೆರಳು ಸಂದಿ ಇದೆ, ಏನೂ ಆಗಲ್ಲ" ಎಂದೆ. ಅವನು ನಕ್ಕು, ನಿಮ್ಮ ಕೈ ಬಿದ್ದ ಮೇಲೆ ನನಗೇನು ಭಯ ಎಂದ. ಸ್ಪಾನರ್, ಹ್ಯಾಕ್ಸಾ, ಸುತ್ತಿಗೆ, ವೆಲ್ಡಿಂಗ್ ಸೆಟ್ಟು ಎಲ್ಲವನ್ನೂ ತೊಳೆದು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದೆವು. ಕಾರಿಗೆ ಚೆಂಡುಹೂವಿನ ಹಾರ. ಕಾಯಿ ಒಡೆದಾಯಿತು.

ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟಬಾರದು. ನಿಮಗೆ ಗೊತ್ತೇ ಇದೆ. ಮಾರನೇ ದಿನ ಮರುಪೂಜೆ ಮಾಡಿ ತೆಗೆಯಬೇಕು.

ಪೂಜೆಯಾದ ಮೇಲಿನ ಮೊದಲ ಓಟ ನಾನೇ ಓಡಿಸಿದೆ, ಅದು ನಮ್ಮ ಶೆಡ್ಡಿನ ಪದ್ಧತಿ. ಪುಟ್ಟಸ್ವಾಮಿ ಪೂಜೆಗೆ ಬಂದವರಿಗೆ ಮಂಡಕ್ಕಿ ಹಂಚುತ್ತಾ ಶೆಡ್ಡಿನಲ್ಲೇ ಉಳಿದ. ಕಮಲ ಕೊಟ್ಟ ಹಿಟ್ಟನ್ನು ಸಂದಿಯಲ್ಲಿ ಅಂಟಿಸಿಕೊಂಡು ಹನುಮಂತನಗರದ ಗುಡ್ಡದ ಏರು ಹತ್ತಿಸಿದೆ. ಸ್ಟೇರಿಂಗ್ ಎಲ್ಲೋ ಒಂದು ಕ್ಷಣ ಭಾರವಾದಂತೆ ಅನ್ನಿಸಿತು. ಅನ್ನಿಸಿತೋ, ಆಯಿತೋ? ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದೆ.

ಹಿಟ್ಟು ಹಪ್ಪಳವಾಗಿತ್ತು. ಹಪ್ಪಳದ ನಡುವೆ ಬೋಲ್ಟಿನ ತಲೆಯ ಆರು ಮೂಲೆಯ ಗುರುತು ಅಚ್ಚು ಹೊಡೆದ ಹಾಗೆ ಮೂಡಿ, ತೂತು ಬಿದ್ದಿತ್ತು. ತೂತಿನೊಳಗೆ ಸ್ಟೇರಿಂಗ್ ರಾಡಿನ ಕಬ್ಬಿಣ ಕಾಣುತ್ತಿತ್ತು.

ಅಂದರೆ ಏರಿನಲ್ಲಿ ಬೋಲ್ಟು ಹೋಗಿ ರಾಡಿಗೆ ಒತ್ತುತ್ತಿದೆ. ಈ ಗುಡ್ಡದ ಚಿಕ್ಕ ಏರಿನಲ್ಲಿ, ಒಬ್ಬನೇ ಕೂತಾಗ. ಜನ ತುಂಬಿಕೊಂಡು ಬೆಟ್ಟದ ತಿರುವಿನಲ್ಲಿ ಹತ್ತಿದರೆ?

ಈಗ ಹೇಳಬೇಕಾದದ್ದು ಒಂದೇ ಮಾತು: ಪುಟ್ಟಸ್ವಾಮಿ, ಗಾಡಿ ಕೊಡಲ್ಲ.

ನಾನು ಏನು ಮಾಡಿದೆ? ಆ ಹಿಟ್ಟನ್ನು ಉಗುರಿನಿಂದ ಕೆರೆದು ಗೋಡೆಯ ಮೇಲೆ ಎಸೆದೆ. ಕಾಗೆ ಬಂದು ಎತ್ತಿಕೊಂಡು ಹೋಯಿತು. ಸಾಕ್ಷಿಯೂ ಮುಗಿಯಿತು. ಶೆಡ್ಡಿಗೆ ವಾಪಸು ಬಂದು ಕೀಯನ್ನು ಪುಟ್ಟಸ್ವಾಮಿಯ ಕೈಗಿಟ್ಟೆ.

ಇವತ್ತು ಹೇಗೂ ಸ್ಪಾನರ್ ಮುಟ್ಟುವ ಹಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪೂಜೆಯಾದ ಗಾಡಿಯನ್ನು ಬಿಚ್ಚಿದರೆ ಅಪಶಕುನ ಎಂದುಕೊಂಡೆ. ಬೀದಿಯವರೆಲ್ಲ ನೋಡುತ್ತಿದ್ದಾರೆ ಎಂದು ಮಾತ್ರ ಒಳಗೂ ಹೇಳಿಕೊಳ್ಳಲಿಲ್ಲ. ನಿಜವಾದ ಕಾರಣ ಅದೇ. ಪೂಜೆಗೆ ಇಟ್ಟದ್ದು ಸ್ಪಾನರನ್ನು ತಾನೇ? ನಾಲಿಗೆಗೆ ಯಾರು ಕುಂಕುಮ ಇಟ್ಟಿದ್ದರು?

ಮನೆಯಲ್ಲಿ ಕಮಲ ಕೇಳಿದಳು, ಹಿಟ್ಟು ಏನಂತು ಅಂತ. ಸರಿ ಅಂತು ಎಂದೆ. ಅವಳು ಒಬ್ಬಟ್ಟು ಬಡಿಸಿದಳು. ಅರ್ಧಕ್ಕೇ ಎದ್ದು ಕೈ ತೊಳೆದೆ.

ವಿಜಯದಶಮಿಯ ಬೆಳಗಿನ ಜಾವ ಸ್ಕೂಟರ್ ತೆಗೆದುಕೊಂಡು ಹನುಮಂತನಗರಕ್ಕೆ ಓಡಿದೆ. ಈಗ ಸ್ಪಾನರ್ ಮುಟ್ಟಬಹುದಾಗಿತ್ತು, ಆ ನೆಪವೂ ಹೋಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗಿ ನೋಡಿದರೆ ಕಾರು ಹೊರಡಲು ನಿಂತಿದೆ. ತಾಯಿ ನಂಜಮ್ಮ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಕುಲಾವಿ ಹಾಕಿದ ಮಗು. ಹೆಂಡತಿ ಸರೋಜ ಬುತ್ತಿ ಗಂಟು ಹಿಡಿದು ಪಕ್ಕದಲ್ಲಿ. ಪುಟ್ಟಸ್ವಾಮಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದವನು ನನ್ನನ್ನು ನೋಡಿ ಎದ್ದು ನಿಂತ.

"ನೋಡಮ್ಮ, ಅಣ್ಣ ನಮ್ಮನ್ನ ಕಳಿಸೋಕೆ ಇಷ್ಟೊತ್ತಿಗೇ ಬಂದವ್ರೆ," ಎಂದ.

ನಂಜಮ್ಮ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ನಿನ್ನ ಹೆಸರಲ್ಲೂ ಮಾದಪ್ಪನಿಗೆ ಒಂದು ಕಾಯಿ ಒಡೆಸ್ತೀನಪ್ಪ ಎಂದರು. "ಏರಲ್ಲಿ ಸ್ವಲ್ಪ ನಿಧಾನ ಹೋಗು" ಎಂದಷ್ಟೇ ಪುಟ್ಟಸ್ವಾಮಿಗೆ ಅಂದೆ.

ಕಾರು ಹೊರಟಿತು. ನಿಂಬೆಹಣ್ಣುಗಳು ಪಚಕ್ಕೆಂದು ಚಪ್ಪಟೆಯಾದವು. ಎಲ್ಲರೂ ಶುಭ ಅಂದುಕೊಂಡರು. ನನಗೆ ಕಂಡದ್ದು ಹಿಟ್ಟು.

ಆ ದಿನವನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಫೋನಿಲ್ಲ, ಸುದ್ದಿಯಿಲ್ಲ. ಶೆಡ್ಡಿನಲ್ಲಿ ಕೂತು ಮನಸ್ಸಿನಲ್ಲೇ ಅವರ ಜೊತೆ ಪ್ರಯಾಣ ಮಾಡಿದೆ. ಈಗ ಕನಕಪುರ ದಾಟಿರಬೇಕು. ಈಗ ಕೊಳ್ಳೇಗಾಲದಲ್ಲಿ ತಿಂಡಿ. ಈಗ ಹನೂರು. ಅಲ್ಲಿಂದಾಚೆಗೆ ಮನಸ್ಸು ಹೋಗಲು ಒಪ್ಪುತ್ತಿರಲಿಲ್ಲ. ತಿರುವು, ಏರು, ಮೊದಲನೇ ಗೇರು. ಮತ್ತೆ ಹನೂರಿಗೆ ವಾಪಸು ಬರುತ್ತಿದ್ದೆ. ರಸ್ತೆಯಲ್ಲಿ ಸೈಕಲ್ ನಿಂತರೂ ಯಾರೋ ಸುದ್ದಿ ತಂದರು ಎಂದು ಎದ್ದು ನಿಲ್ಲುತ್ತಿದ್ದೆ. ದೇವರನ್ನು ಬೇಡಿಕೊಳ್ಳಲೂ ಹೆದರಿಕೆ. ಏನೆಂದು ಬೇಡಲಿ? ನಾನು ಮಾಡಿದ್ದನ್ನು ನೀನು ಸರಿ ಮಾಡು ಎಂದೇ?

ಮಾರನೇ ದಿನ ಸಂಜೆ ಪುಟ್ಟಸ್ವಾಮಿ ಬಸ್ಸಿನಲ್ಲಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಒಬ್ಬನೇ. ಅವನ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ರಸ್ತೆ ನೋಡಿದೆ.

ಎಲ್ಲರೂ ಬದುಕಿದ್ದರು. ಬೆಟ್ಟದ ಒಂದು ಕಡಿದಾದ ತಿರುವಿನಲ್ಲಿ ಸ್ಟೇರಿಂಗ್ ತಿರುಗಲಿಲ್ಲ. ಕಾರು ನೇರವಾಗಿ ಅಂಚಿಗೆ ಹೋಯಿತು. ಒಂದು ಚಕ್ರ ರಸ್ತೆ ಬಿಟ್ಟು ಗಾಳಿಯಲ್ಲಿ ತೂಗಿತು, ಅಂಚಿನ ಕಲ್ಲುಗೋಡೆ ಕಾರನ್ನು ತಡೆದು ಹಿಡಿಯಿತು. ನಂಜಮ್ಮನ ಮುಂಗೈ ಮುರಿದಿತ್ತು. ಮಗು ಮಡಿಲಿನಿಂದ ಸೀಟಿನ ಕೆಳಗೆ ಬಿದ್ದರೂ ಗಾಯವಾಗಿರಲಿಲ್ಲ.

ಹಿಂದೆ ಬಂದ ಬಸ್ಸು, ಲಾರಿಯ ಡ್ರೈವರುಗಳೆಲ್ಲ ಇಳಿದು ಕಾರನ್ನು ಎಳೆದು ನಿಲ್ಲಿಸಿದರಂತೆ. ಸ್ಟೇರಿಂಗ್ ತಿರುಗಿಸಿ ನೋಡಿದರಂತೆ. ಬೆಣ್ಣೆಯ ಹಾಗೆ ತಿರುಗಿತಂತೆ. ತಿರುಗದೆ ಏನು? ಎಂಜಿನ್ ಆಗಲೇ ನೆಟ್ಟಗೆ ಕೂತಾಗಿತ್ತು, ಬೆರಳು ಸಂದಿ ಮತ್ತೆ ಬಂದಾಗಿತ್ತು. ಗಾಡಿ ಸರಿಯಾಗಿದೆ, ಪ್ರಪಾತ ನೋಡಿ ಹೆದರಿ ನಿನ್ನ ಕೈಯೇ ಮರಗಟ್ಟಿದೆ ಎಂದರಂತೆ.

"ಹೌದಾ ಅಣ್ಣ?" ಎಂದು ಪುಟ್ಟಸ್ವಾಮಿ ನನ್ನನ್ನು ಕೇಳಿದ. "ಕೈಗೆ ಹಂಗೂ ಆಗುತ್ತಾ?"

ಓದುಗರೇ, ಹಿಟ್ಟು ಎಸೆದದ್ದು ಮೊದಲ ತಪ್ಪು. ಇದಕ್ಕಿಂತ ಅದು ಚಿಕ್ಕದು. ನಾನು ಹೇಳಿದೆ: ಗಾಡಿ ತರಿಸು, ನೋಡ್ತೀನಿ.

ಕಾರು ಬಂತು. ಅವನನ್ನು ಮನೆಗೆ ಕಳಿಸಿ ಬಾನೆಟ್ ಎತ್ತಿದೆ. ಸ್ಟೇರಿಂಗ್ ರಾಡಿನ ಮೇಲೆ ಬೋಲ್ಟು ಕೊರೆದ ಗೀರು ಬೆಳ್ಳಗೆ ಹೊಳೆಯುತ್ತಿತ್ತು. ಎಂಜಿನ್ ಇಳಿಸಿ, ಬ್ರಾಕೆಟ್ ಕೊಯ್ದು, ಹೇಗೆ ಮಾಡಬೇಕಿತ್ತೋ ಹಾಗೆ ಹೊಸದಾಗಿ ಮಾಡಿದೆ. ಈ ಸಲ ಹಿಟ್ಟು ದಪ್ಪಗೆ ಉಳಿಯಿತು. ಆಮೇಲೆ ಆ ಗೀರಿನ ಮೇಲೆ ಕಪ್ಪು ಪೇಂಟ್ ಬಳಿದೆ. ಪುಟ್ಟಸ್ವಾಮಿ ಬಂದಾಗ ಹೇಳಿದೆ: "ಗಾಡೀಲಿ ಏನೂ ತೊಂದರೆ ಇಲ್ಲಪ್ಪ."

ಅವನು ತಲೆಯಾಡಿಸಿದ. ನನ್ನ ಮಾತಿನ ಮೇಲೆ ಅವನಿಗೆ ತನ್ನ ಕೈಗಿಂತ ಹೆಚ್ಚು ನಂಬಿಕೆಯಿತ್ತು.

ಆಮೇಲೆ ಅವನು ಗಾಡಿ ಹತ್ತಿದರೆ ಕೈ ನಡುಗತೊಡಗಿತು. ಕಾರನ್ನು ಮಾರಿದ. ಈಗ ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್. ಬೇರೆಯವರ ಕಾರುಗಳನ್ನು ಸೀಟಿ ಊದಿ ಸಾಲಾಗಿ ನಿಲ್ಲಿಸುತ್ತಾನೆ. ನಾನೂ ಶೆಡ್ ಮುಚ್ಚಿದೆ. ಯಾವ ಬ್ರಾಕೆಟ್ ನೋಡಿದರೂ ಗೀರು ಕಾಣುತ್ತಿತ್ತು. ಅವನಾದರೂ ಪ್ರತಿ ಆಯುಧಪೂಜೆಗೆ ನಮ್ಮ ಮನೆಗೆ ಮಂಡಕ್ಕಿ, ಹೂವು ತಂದುಕೊಡುತ್ತಾನೆ. ನಾನು ಮೈಗೆ ಸರಿಯಿಲ್ಲ ಎಂದು ಒಳಗೆ ಮಲಗಿರುತ್ತೇನೆ.

ಬ್ಯಾಂಕಿನ ಹುಡುಗನಿಗೆ ಭಾನುವಾರ ಇದನ್ನೆಲ್ಲ ಹೇಳಲಿಲ್ಲ. ಗಾಡಿ ಗ್ಯಾರೇಜಿನಿಂದ ತರಬೇಡ ಎಂದೆ. ಕಮಲಳ ತಟ್ಟೆಯಿಂದ ಒಂದು ಉಂಡೆ ಹಿಟ್ಟು ತೆಗೆದು ಪೇಪರಿನಲ್ಲಿ ಕಟ್ಟಿ ಕೊಟ್ಟು, ಏನು ಮಾಡಬೇಕೆಂದು ವಿವರಿಸಿದೆ. ಮುದುಕನಿಗೆ ಅರಳುಮರಳು ಎಂಬ ಮುಖ ಮಾಡಿಕೊಂಡು ಜೇಬಿಗೆ ಹಾಕಿಕೊಂಡ. ಅವನು ಹೋದ ಮೇಲೆ ಕಮಲ ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು.

"ಅವತ್ತು ಹಿಟ್ಟು ಸರಿ ಅಂತು ಅಂದ್ರಿ," ಎಂದಳು. "ನಿಮ್ಮ ಮುಖ ಹಂಗೆ ಅನ್ನಲಿಲ್ಲ."

ಇಷ್ಟು ವರ್ಷ ಇಟ್ಟುಕೊಂಡಿದ್ದಳು ಆ ಮಾತನ್ನು. ಅವಳ ಮುಂದೆಯೇ ಕೂತು ಈ ಅಂಕಣ ಬರೆಯಲು ಶುರು ಮಾಡಿದೆ. ಅರ್ಧ ಬರೆದ ಮೇಲೆ ಹೊಳೆಯಿತು: ಪ್ರತಿ ವಾರ ಇದನ್ನು ಪುಟ್ಟಸ್ವಾಮಿಗೆ ಗಟ್ಟಿಯಾಗಿ ಓದಿ ಹೇಳುವುದು ಅವನ ಮಗಳು. ಅವತ್ತು ಕುಲಾವಿ ಹಾಕಿಕೊಂಡಿದ್ದವಳು. ಆ ಹುಡುಗಿಯ ಬಾಯಲ್ಲಿ ಅವನು ಇದನ್ನು ಕೇಳಬೇಕೇ?

ಪೆನ್ನು ಇಟ್ಟು ಎದ್ದೆ.

ಸ್ಕೂಟರ್ ಹನುಮಂತನಗರದ ದಾರಿ ಮರೆತಿರಲಿಲ್ಲ. ಪುಟ್ಟಸ್ವಾಮಿ ಡ್ಯೂಟಿಗೆ ಹೊರಡಲು ಖಾಕಿ ಶರಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಬನ್ನಿ ಅಣ್ಣ ಎಂದು ಚಾಪೆ ಹಾಸಿದ. ನಾನು ಕೂರಲಿಲ್ಲ. ಹಿಟ್ಟಿನಿಂದ ಹಿಡಿದು ಕಪ್ಪು ಪೇಂಟಿನವರೆಗೆ ನಿಂತೇ ಹೇಳಿದೆ.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿ ಅಂದುಕೊಂಡಿದ್ದೆ. ಅವನು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ತಿರುಗಿಸಿ, ಹಿಂದೆ ಮುಂದೆ ನೋಡಿದ.

"ಹಂಗಾದ್ರೆ ನನ್ ಕೈ ಮರಗಟ್ಟಿರ್ಲಿಲ್ವಾ?"

"ಇಲ್ಲ ಪುಟ್ಟಸ್ವಾಮಿ. ನಿನ್ನ ಕೈ ಸರಿಯಾಗೇ ತಿರುಗಿಸ್ತು. ರಾಡು ತಿರುಗಲಿಲ್ಲ."

ಕೈಗಳನ್ನು ತೊಡೆಯ ಮೇಲೆ ಇಳಿಸಿದ. ಆಮೇಲೆ ಮೆಲ್ಲಗೆ ಅಂದ: "ಅಮ್ಮ ತೀರ್ಕೊಳ್ಳೋಕ್ ಮುಂಚೆ ಹೇಳಿದ್ರೆ ಆಗ್ತಿತ್ತು. ನನ್ ಮಗ ಹೆದರ್ಕೊಂಡ ಅಂತಾನೇ ಹೋದ್ಲು ಅಣ್ಣ ಅವಳು."

ಸ್ಕೂಟರಿನ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ.

ಅವನು ಎದ್ದು ಕೈ ಚಾಚಿದ. ಕ್ಷಮಿಸಿದ ಅಂದುಕೊಂಡೆ, ಎಂಥ ಆಸೆ ನೋಡಿ. ಅವನು ಕೇಳಿದ್ದು ಸ್ಕೂಟರಿನ ಕೀ. ಕೊಟ್ಟೆ. ಬಾಗಿಲಲ್ಲಿ ಅವನ ಹೆಂಡತಿ ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವನು ಕಿಕ್ ಹೊಡೆದು, ನನ್ನ ಕಡೆ ನೋಡದೆ, "ಹಿಂದೆ ಕೂತ್ಕೊಳ್ಳಿ" ಎಂದ.

ಗುಡ್ಡದ ಏರಿಗೇ ತಿರುಗಿಸಿದ. ಮೊದಲನೇ ಗೇರು. ಹ್ಯಾಂಡಲ್ ಹಿಡಿದ ಅವನ ಕೈಗಳು ನಡುಗುತ್ತಿದ್ದದ್ದು ಹಿಂದೆ ಕೂತ ನನ್ನ ಮೈಗೆಲ್ಲ ಗೊತ್ತಾಗುತ್ತಿತ್ತು. ತಿರುವು ಹತ್ತಿರ ಬಂತು. ನಿಲ್ಲಿಸು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡೆ.

ಅವತ್ತು ಬೆಟ್ಟದಲ್ಲಿ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಕಾದವನು ನಾನೇ ಅಲ್ಲವೇ?